ಹಳೇ ಕಾಮಾಲೆ

ವಿರೂಪಾಕ್ಷ ತೀರಿಕೊಂಡ ಮೇಲೆ, ಅವನು ಯಾತರಿಂದ ಸತ್ತ ಅನ್ನುವುದು ಡಾಕ್ಟರಿಗಿಂತ ಚೆನ್ನಾಗಿ ಊರಿಗೇ ಗೊತ್ತಾಗಿಹೋಯಿತು. ಹಚ್ಚೆಯಿಂದ ಅಂದರು ಕೆಲವರು. ಎಚ್.ಡಿ. ಕೋಟೆ ಬಸ್‌ಸ್ಟ್ಯಾಂಡಿನ ಹಿಂದೆ ಮೆಷಿನ್ನಿನಲ್ಲಿ ಹಚ್ಚೆ ಹಾಕುವವನ ಮುಂದೆ ಕೂತು ಹೊಸ ಹೆಂಡತಿಯ ಹೆಸರನ್ನು ಮುಂಗೈ ಮೇಲೆ ಬರೆಸಿಕೊಂಡು ಬಂದಿದ್ದನಲ್ಲ, ಆ ಸೂಜಿ ಅದಕ್ಕೂ ಮೊದಲು ಯಾರ್‍ಯಾರಿಗೆ ಚುಚ್ಚಿತ್ತೋ. ಕದ್ದು ಕುಡಿಯುತ್ತಿದ್ದ, ಅದರಿಂದ ಅಂದರು ಇನ್ನು ಕೆಲವರು. ದನಿ ತಗ್ಗಿಸಿ ಮಾತಾಡುವವರದು ಬೇರೆಯೇ ಲೆಕ್ಕ. ಶುಂಠಿ ತುಂಬಿದ ಪಿಕಪ್ ಓಡಿಸಿಕೊಂಡು ಅಂತರಸಂತೆ, ಎನ್. ಬೇಗೂರು ದಾಟಿ ಕೇರಳಕ್ಕೆ ಹೋಗುತ್ತಿದ್ದ. ಸಂಜೆಯಾದರೆ ಕಾಡಿನ ಗೇಟು ಹಾಕಿಬಿಡುತ್ತಾರೆ. ಆಚೆಯೇ ಉಳಿದ ಗಂಡಸು ಎಲ್ಲಿ ಮಲಗುತ್ತಾನೆ, ಯಾರ ಜೊತೆ ಮಲಗುತ್ತಾನೆ, ಕಂಡವರ್‍ಯಾರು?

ಈ ಮಾತೆಲ್ಲ ಅವನ ಹೆಂಡತಿ ನೀಲಾಂಬಿಕೆಯ ಕಿವಿಗೂ ಬೀಳುತ್ತಿತ್ತು, ಪಕ್ಕದ ಮನೆಯ ಟೀವಿ ಗೋಡೆಯಾಚೆಯಿಂದ ಕೇಳಿಸುವ ಹಾಗೆ. ಮದುವೆಯಾಗಿ ಆಕೆಗೆ ವರ್ಷ ತುಂಬಿರಲಿಲ್ಲ. ಕೆ.ಆರ್. ನಗರದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದವರ ಮಗಳು; ಪಿರಿಯಾಪಟ್ಟಣದ ಮಗ್ಗುಲಿನ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುವ ಶಿವನಂಜಪ್ಪನವರ ಮನೆಗೆ ಸೊಸೆಯಾಗಿ ಬಂದಿದ್ದಳು. ಗಂಡ ಹೋದ ದಿನದಿಂದ ಅವಳಿಗೆ ಅಳು ಬಂದಿರಲಿಲ್ಲ. ಅಳದ ಸೊಸೆಯನ್ನು ನೋಡಿಹೋಗಲೆಂದೇ ಬಂದವರಿದ್ದರು. "ಅತ್ಬುಡವ್ವ, ಒಳಗೇ ಇಟ್ಕಂಡ್ರೆ ಎದೆ ಒಡೆದೋಯ್ತದೆ" ಎಂದು ಬೆನ್ನು ಸವರಿದರು. ಅವಳೂ ಪ್ರಯತ್ನಪಟ್ಟಳು. ಬರಲಿಲ್ಲ. ಒಂದು ದಿನ ಒಲೆ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿದಳು. ಅಂಗೈ ಸುಟ್ಟದ್ದು ಗೊತ್ತಾದದ್ದು ಬೊಬ್ಬೆ ಎದ್ದದ್ದನ್ನು ಕಂಡಮೇಲೆಯೇ.

ಕಾಯಿಲೆ ಶುರುವಾದದ್ದು ಸೊಪ್ಪು ಮುರಿಯುವ ಕಾಲದಲ್ಲಿ. ಸೊಪ್ಪು ಒಣಗಿಸುವ ಬ್ಯಾರನ್ನಿಗೆ ಎಲೆ ಏರಿಸಿ, ಬೆಂಕಿ ಹಾಕಿ, ಹಗಲೂ ರಾತ್ರಿ ಹದ ಕಾಯುವ ಕಾಲ. ವಿರೂಪಾಕ್ಷನಿಗೆ ಮೈ ಬಿಸಿಯಾಯಿತು, ಊಟ ಸೇರದಾಯಿತು. ನಿದ್ದೆಗೆಟ್ಟಿದ್ದಕ್ಕೆ ಅಂದುಕೊಂಡರು. ಒಂದು ಬೆಳಿಗ್ಗೆ ಅವನು ಕನ್ನಡಿಯ ಮುಂದೆ ನಿಂತು, "ನೀಲಾ, ನನ್ನ ಕಣ್ ನೋಡು ಬಾ" ಎಂದು ಕರೆದ. ಬಿಳಿಗುಡ್ಡೆಗೆ ಅರಿಶಿನ ಕಲಸಿಟ್ಟಂತಿತ್ತು.

"ಕಾಮಾಲೆ. ಇದ್ಕೆ ಇಂಗ್ಲಿಷ್ ಔಸ್ತಿ ಆಗ್ಬರಕಿಲ್ಲ" ಎಂದು ಶಿವನಂಜಪ್ಪ ಮಗನನ್ನು ಕಾಕನಕೋಟೆ ಕಾಡಿನಂಚಿನಲ್ಲಿ ನಾಟಿ ಮದ್ದು ಕೊಡುವ ಒಬ್ಬ ಅಜ್ಜನ ಹತ್ತಿರ ಕರೆದೊಯ್ದರು. ಬೇರು ಅರೆದು ಆಡಿನ ಹಾಲಿನಲ್ಲಿ ಕುಡಿಸಿದ್ದಾಯಿತು. ಕೈಗೆ ಬರೆ ಹಾಕಿಸಿದ್ದಾಯಿತು. ಉಪ್ಪು, ಖಾರ, ಎಣ್ಣೆ ಬಿಡಿಸಿದ್ದಾಯಿತು. ಪಥ್ಯ ಮುಗಿಯುವುದರೊಳಗೆ ಅವನ ಮಾತು ತೊದಲಿತು; ಹೆಂಡತಿಯನ್ನು ಅಕ್ಕಾ ಎಂದು ಕರೆಯತೊಡಗಿದ. ಆಗ ಮೈಸೂರಿಗೆ ಹೊತ್ತೊಯ್ದರು. ಅಲ್ಲಿಯ ಡಾಕ್ಟರು ರೆಪ್ಪೆ ಎತ್ತಿ ನೋಡಿ, "ಇಷ್ಟು ದಿವಸ ಎಲ್ಲಿದ್ರಿ?" ಎಂದರು. ಎರಡು ದಿನವೂ ಆಗಲಿಲ್ಲ, ಅವನು ಹೋದ.

ಹೆಣ ಹೊರಡಿಸುವ ಮೊದಲು ಡಾಕ್ಟರು ಮನೆಯವರನ್ನು ಕೂರಿಸಿಕೊಂಡು ಹೇಳಿದರು: "ಇದು ಹೆಪಟೈಟಿಸ್ ಬಿ. ನೀರಿಂದ, ಊಟದಿಂದ ಬರೋ ಕಾಮಾಲೆ ಅಲ್ಲ. ರಕ್ತದಿಂದ ಬರುತ್ತೆ, ಗಂಡು ಹೆಣ್ಣಿನ ಸಂಬಂಧದಿಂದ ಬರುತ್ತೆ. ಒಬ್ಬರ ಬ್ಲೇಡು, ಸೂಜಿ ಇನ್ನೊಬ್ಬರು ಬಳಸಿದರೂ ಬರಬಹುದು. ಮನೆಯಲ್ಲಿರೋರೆಲ್ಲ ಪರೀಕ್ಷೆ ಮಾಡಿಸ್ಕೊಳ್ಳಿ. ಇಲ್ಲದವರು ಲಸಿಕೆ ಹಾಕಿಸ್ಕೊಳ್ಳಿ."

ಅತ್ತೆ ಸುಂದ್ರಮ್ಮ ಅಷ್ಟೂ ಮಾತಿನಲ್ಲಿ ಒಂದನ್ನೇ ಹಿಡಿದುಕೊಂಡರು. ಸಂಬಂಧ.

ಮಣ್ಣು ಮಾಡಿ, ಕಾರ್ಯ ಮುಗಿಸಿದ ಮೇಲೆ ಮೂವರೂ ರಕ್ತ ಕೊಡಲು ಹುಣಸೂರಿಗೆ ಹೋದರು. ಪಿರಿಯಾಪಟ್ಟಣದಲ್ಲಾದರೆ ಗುರುತಿನವರು ಎದುರಾಗುತ್ತಾರೆಂದು ಶಿವನಂಜಪ್ಪನವರ ಯೋಚನೆ. ಸರ್ಕಾರಿ ಆಸ್ಪತ್ರೆಯಲ್ಲಿ ಪವಿತ್ರಾ ಅನ್ನುವ ಚಿಕ್ಕವಯಸ್ಸಿನ ಲೇಡಿ ಡಾಕ್ಟರು ಇದ್ದರು. ಅತ್ತೆ ಮಾವ ಇಬ್ಬರಿಗೂ ಏನೂ ಇರಲಿಲ್ಲ. ಅವರಿಗೆ ಅಂದೇ ಮೊದಲ ಲಸಿಕೆ ಹಾಕಿದರು. ನೀಲಾಂಬಿಕೆಗೆ ಇತ್ತು.

ಸುಂದ್ರಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದು ಕೂತರು. "ನನ್ನೊಟ್ಟೇಲಿ ಉಟ್ಟಿದ್ದು ನಿನ್ನ ಬಾಳ ಆಳ್ ಮಾಡ್ಬುಡ್ತಲ್ಲ ಮಗ" ಎಂದು ಸೊಸೆಯ ಎರಡು ಕೈಯನ್ನೂ ಹಿಡಿದು ಹಣೆಗೊತ್ತಿಕೊಂಡರು. ಹೋಗಿ ಬರುವ ಜನ ನೋಡುತ್ತಿದ್ದರು. ನೀಲಾಂಬಿಕೆಗೆ ಬಿಸಿಲಿನಲ್ಲಿ ನಿಂತಿದ್ದೇನೆ ಅನ್ನುವುದೊಂದು ಬಿಟ್ಟರೆ ಮತ್ತೇನೂ ಅನ್ನಿಸಲಿಲ್ಲ.

ಆ ದಿನದಿಂದ ಸುಂದ್ರಮ್ಮ ಸೊಸೆಯನ್ನು ಕಣ್ಣ ಗುಡ್ಡೆಯ ಹಾಗೆ ನೋಡಿಕೊಂಡರು. ಓರಗಿತ್ತಿಯೊಬ್ಬಳು ಬಂದು, "ಅವಳ ತಟ್ಟೆ ಲೋಟ ಬ್ಯಾರೆ ಇಡಕ್ಕ" ಎಂದಾಗ, "ಊಟದಿಂದ ಬರಕಿಲ್ಲ ಅಂತ ಡಾಕ್ಟ್ರಮ್ಮ ಏಳವ್ಳೆ. ನೀನೇನ್ ಓದಿದ್ದೀಯ?" ಎಂದು ಅವಳೆದುರಿಗೇ ಸೊಸೆಯ ತಟ್ಟೆಯಿಂದ ಮುದ್ದೆ ಮುರಿದು ಬಾಯಿಗಿಟ್ಟುಕೊಂಡರು. ತಲೆಗೆ ಎಣ್ಣೆ ಹಚ್ಚಿದರು. ಬೆಳಿಗ್ಗೆ ಎಬ್ಬಿಸದೆ ತಾವೇ ಕಸ ಗುಡಿಸಿದರು. ಸತ್ತ ಮಗನನ್ನು ಮಾತ್ರ ಮನೆಯಿಂದಲೇ ಅಳಿಸಿಹಾಕಿಬಿಟ್ಟರು. ಫೋಟೋ ಕಟ್ಟು ಹಾಕಿಸಲಿಲ್ಲ. ಮಗನನ್ನು ಮಣ್ಣು ಮಾಡಿದ್ದ ಹೊಲದ ಬದುವಿನ ಗದ್ದಿಗೆಗೆ ಶಿವನಂಜಪ್ಪ ಪತ್ರೆ, ವಿಭೂತಿ ತೆಗೆದುಕೊಂಡು ಹೊರಟರೆ ಇವರು ಮುಖ ತಿರುಗಿಸುತ್ತಿದ್ದರು. "ಅಂಥೋನಿಗೆ ಪೂಜೆ ಬ್ಯಾರೆ ಕೇಡು" ಎಂದು ಒಂದು ಸಲ ಅಂದರು. ಒಬ್ಬನೇ ಮಗ. ಹೆತ್ತ ಬಾಯಲ್ಲಿ ಆ ಮಾತು ಬಂದದ್ದಕ್ಕೆ ಶಿವನಂಜಪ್ಪ ಅಂದು ಊಟ ಮಾಡಲಿಲ್ಲ.

ತಿಂಗಳಾದ ಮೇಲೆ ಅತ್ತೆ ಮಾವನ ಎರಡನೇ ಲಸಿಕೆಗೆ ಮೂವರೂ ಮತ್ತೆ ಹುಣಸೂರಿಗೆ ಹೋದರು. ಅಂದು ಡಾಕ್ಟರ್ ಪವಿತ್ರಾ ನೀಲಾಂಬಿಕೆಯೊಬ್ಬಳನ್ನೇ ಒಳಗೆ ಕರೆದರು.

"ಮೈಸೂರಿಂದ ನಿಮ್ಮ ಯಜಮಾನರ ವಿವರ ತರಿಸ್ಕೊಂಡೆ. ಅವರದು ಹೊಸ ಸೋಂಕು. ಸಾಯೋಕೆ ಮುಂಚೆ ಕೆಲವು ತಿಂಗಳೊಳಗೆ ಬಂದದ್ದು. ನಿಮ್ಮದು ಹಾಗಿಲ್ಲ. ನಿಮ್ಮದು ಹಳೇದು."

"ಹಳೇದು ಅಂದ್ರೆ?"

"ಬಹಳ ವರ್ಷದ್ದು. ಹುಟ್ಟಿದಾಗಿಂದ ಇದ್ದರೂ ಇರಬಹುದು. ನಿಮ್ಮ ತಾಯೀನ ಒಂದು ಸಲ ಪರೀಕ್ಷೆ ಮಾಡಿಸಬೇಕು. ಅವರ ಕಡೆ ಯಾರಿಗಾದರೂ ಲಿವರ್ ತೊಂದರೆ ಇತ್ತಾ?"

ಅವಳ ಸೋದರಮಾವ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಸತ್ತಿದ್ದರು. ಕುಡಿಯದ ಮನುಷ್ಯನಿಗೆ ಇದೇಕೆ ಬಂತೆಂದು ಆಗ ಎಲ್ಲರೂ ಆಶ್ಚರ್ಯಪಟ್ಟಿದ್ದರು. ನೀಲಾಂಬಿಕೆ ಅದನ್ನು ಹೇಳಿದಳು. ಡಾಕ್ಟರು ತಲೆದೂಗಿದರು.

"ಹೆರಿಗೆ ಹೊತ್ತಲ್ಲಿ ತಾಯಿಯಿಂದ ಮಗೂಗೆ ಬರುತ್ತೆ. ಈಗ ಹುಟ್ಟಿದ ದಿನವೇ ಲಸಿಕೆ ಹಾಕ್ತೀವಿ. ನೀವು ಹುಟ್ಟಿದಾಗ ಅದಿರಲಿಲ್ಲ. ಹಾಗೆ ಬಂದದ್ದು ಮೈಯಲ್ಲಿ ತಣ್ಣಗೆ ಕೂತಿರುತ್ತೆ, ಗೊತ್ತೇ ಆಗಲ್ಲ. ಇದರಲ್ಲಿ ನಿಮ್ಮ ತಪ್ಪೂ ಇಲ್ಲ, ನಿಮ್ಮ ತಾಯಿ ತಪ್ಪೂ ಇಲ್ಲ."

"ಅಂದ್ರೆ ನನ್ನಿಂದ ಅವರಿಗೆ ಬಂತಾ?"

ಡಾಕ್ಟರು ಕೈಲಿದ್ದ ಕಾಗದ ಕೆಳಗಿಟ್ಟರು. "ಖಚಿತವಾಗಿ ಹೇಳಕ್ಕಾಗಲ್ಲ. ಹಚ್ಚೆ ಸೂಜಿಯಿಂದಲೂ ಬಂದಿರಬಹುದು. ಆದರೆ ಒಂದೇ ಮನೆ, ಗಂಡ ಹೆಂಡತಿ, ಅವರಿಗೆ ಲಸಿಕೆ ಆಗಿರಲಿಲ್ಲ... ನಿಮ್ಮಿಂದ ಬಂದಿರೋ ಸಾಧ್ಯತೆನೇ ಹೆಚ್ಚು. ದೊಡ್ಡವರಿಗೆ ಬಂದರೆ ಮುಕ್ಕಾಲುಪಾಲು ಜನಕ್ಕೆ ತಾನಾಗೇ ವಾಸಿಯಾಗುತ್ತೆ. ನಿಮ್ಮ ಯಜಮಾನರಿಗೆ ಜೋರಾಯ್ತು. ಬೇಗ ಆಸ್ಪತ್ರೆಗೆ ಬಂದಿದ್ದರೆ ಉಳೀತಿದ್ದರೋ ಏನೋ, ಅದನ್ನೂ ನಾನು ಹೇಳಲಾರೆ." ಆಮೇಲೆ, ಅವಳಿಗೆ ಸದ್ಯ ಮಾತ್ರೆ ಬೇಕಿಲ್ಲ, ಆರು ತಿಂಗಳಿಗೊಮ್ಮೆ ಬಂದು ರಕ್ತ ಕೊಟ್ಟು ಹೋಗಬೇಕು, ತನ್ನ ಬ್ಲೇಡು, ಬ್ರಷ್ಷು ಬೇರೆಯವರಿಗೆ ಕೊಡಬಾರದು ಎಂದೆಲ್ಲ ಹೇಳಿದರು.

ಬ್ಲೇಡು ಅಂದಾಗ ನೀಲಾಂಬಿಕೆಗೆ ತನ್ನ ಹಿಮ್ಮಡಿ ನೆನಪಾಯಿತು. ಪೇಟೆ ಹುಡುಗಿ; ಹೊಲದ ಕೆಸರು, ಬಿಸಿಲಿಗೆ ಮದುವೆಯಾದ ಹೊಸದರಲ್ಲೇ ಹಿಮ್ಮಡಿ ಒಡೆದಿತ್ತು. ಬಚ್ಚಲಲ್ಲಿ ಕೂತು ಗಂಡನ ರೇಜರಿನಿಂದ ಸತ್ತ ಚರ್ಮ ಹೆರೆಯುತ್ತಿದ್ದಳು. ಎಷ್ಟೋ ಸಲ ರಕ್ತ ಬಂದಿತ್ತು. ತೊಳೆದು ಅಲ್ಲೇ ಇಟ್ಟಿದ್ದಳು. ಅವನು ಬೆಳಿಗ್ಗೆ ಅದರಲ್ಲೇ ಗಡ್ಡ ಹೆರೆದುಕೊಂಡು, ಕೆನ್ನೆ ಕೊಯ್ದುಕೊಂಡು, "ಯಾಕ್ಲಾ ಈ ಬ್ಲೇಡು ಇಷ್ಟು ಬೇಗ ಮೊಂಡಾಯ್ತದೆ?" ಎಂದು ತನಗೆ ತಾನೇ ಗೊಣಗುತ್ತಿದ್ದ. ಅವಳು ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ಡಾಕ್ಟರು ಇನ್ನೂ ಏನೋ ಹೇಳುತ್ತಿದ್ದರು. ಅವಳು ತಲೆಯಾಡಿಸಿದಳು. ಹೊರಗೆ ಬಂದು ಅತ್ತೆಯ ಪಕ್ಕ ಕೂತಳು. "ಏನಂದ್ರು?" ಎಂದರು ಸುಂದ್ರಮ್ಮ. "ಆರು ತಿಂಗ್ಳಿಗೊಂದು ಸಲ ಬರ್ಬೇಕಂತೆ" ಎಂದಳು.

ಕೆ.ಆರ್. ನಗರದಲ್ಲಿ ಅವಳ ತಾಯಿ ಪರೀಕ್ಷೆ ಮಾಡಿಸಿಕೊಂಡರು. ಅವರಿಗೂ ಇತ್ತು. ಮಗಳನ್ನು ನೋಡುವ ನೆಪದಲ್ಲಿ ಹಳ್ಳಿಗೆ ಬಂದ ತಾಯಿ, ಕೊಟ್ಟಿಗೆಯ ಹಿಂದೆ ಕರೆದೊಯ್ದು ಕೈ ಹಿಡಿದುಕೊಂಡರು. "ಯಾರ ಹತ್ರಾನೂ ಬಾಯ್ ಬಿಡ್ಬೇಡ. ಗಂಡನ್ನ ತಿಂದ್ಕೊಂಡೋಳು ಅಂತಾರೆ. ನಿಮ್ಮತ್ತೆ ನಿನ್ನ ಮಗಳ ಥರ ನೋಡ್ಕೊತವ್ರೆ. ಇರೋದನ್ನ ಕೆಡುಸ್ಕೋಬೇಡ."

"ಅವರು ಮಗನ ಗದ್ದಿಗೆ ಕಡೆ ತಿರುಗೂ ನೋಡ್ತಿಲ್ಲ ಅವ್ವ."

"ನೋಡ್ತಾರೆ ಬುಡು. ಹೆತ್ತ ಕರುಳು, ಸಿಟ್ಟು ಎಷ್ಟು ದಿನ ಇರ್ತದೆ?"

ನೀಲಾಂಬಿಕೆ ಹೂಂ ಅಂದಳು. ತಾಯಿಯ ಮಾತು ಸರಿಯೆಂದೂ ಅನ್ನಿಸಲಿಲ್ಲ, ತಪ್ಪೆಂದೂ ಅನ್ನಿಸಲಿಲ್ಲ. ಬಸ್ಸು ಹತ್ತಿಸಿ ಬಂದಳು.

ಹೇಳಬೇಕೆಂದು ಅವಳೇನೂ ನಿಶ್ಚಯ ಮಾಡಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಹಜಾರದಲ್ಲಿ ಒಣಗಿದ ಸೊಪ್ಪಿನ ರಾಶಿಯ ನಡುವೆ ಕೂತು, ಬಣ್ಣ ನೋಡಿ ಎಲೆ ಬೇರ್ಪಡಿಸುತ್ತಿದ್ದರು. ಬಾಗಿಲಿಗೆ ಒಬ್ಬ ಹುಡುಗ ಬಂದು, ವಿರೂಪಾಕ್ಷನ ಜೊತೆ ಪಿಕಪ್ ಓಡಿಸುತ್ತಿದ್ದವನಂತೆ, ಅಣ್ಣನ ಜರ್ಕಿನ್ನು ಗಾಡಿಯಲ್ಲೇ ಉಳಿದಿತ್ತು ಎಂದು ಕೊಟ್ಟುಹೋದ. ಸುಂದ್ರಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ, "ಯಾವಳ್ ಮನೇಲಿ ಒದ್ಕಂಡ್ ಮಲಗಿದ್ನೋ. ಬ್ಯಾರನ್ ಒಲೆಗಾಕು" ಎಂದರು.

"ಅತ್ತೆ, ಅವರಿಂದ ನಂಗೆ ಬಂದಿದ್ದಲ್ಲ" ಎಂದಳು ನೀಲಾಂಬಿಕೆ. ತನ್ನ ದನಿ ತನಗೇ ಬೇರೆ ಯಾರದೋ ಅನ್ನಿಸಿತು. "ನನ್ನಿಂದ ಅವರಿಗೆ ಬಂದಿದ್ದು."

ಸುಂದ್ರಮ್ಮನ ಕೈಯಲ್ಲಿ ಎಲೆ ಹಾಗೇ ಉಳಿಯಿತು. ನೀಲಾಂಬಿಕೆ ಎಲ್ಲವನ್ನೂ ಹೇಳಿದಳು: ಹಳೇದು, ಹೊಸದು; ತಾಯಿಗೆ ಇರುವುದು; ಸೋದರಮಾವನ ಹೊಟ್ಟೆ; ರೇಜರು. ಡಾಕ್ಟರು ಖಚಿತ ಇಲ್ಲ ಅಂದದ್ದನ್ನೂ ಸೇರಿಸಿದಳು. ಹೇಳುವಾಗಲೂ ಅವಳ ಕೈ ಎಲೆಗಳನ್ನು ಆರಿಸುತ್ತಲೇ ಇತ್ತು.

"ಅಂಗಾರೆ ನನ್ನ ಮಗ ಎಲ್ಲೂ ಓಗಿರ್ನಿಲ್ವ?" ಎಂದರು ಸುಂದ್ರಮ್ಮ.

"ಅದು ನಂಗೊತ್ತಿಲ್ಲ ಅತ್ತೆ. ಗಾಡೀಲೇ ಮಲಗ್ತೀನಿ ಅಂತಿದ್ರು. ನಾನು ನಂಬಿದ್ದೆ."

"ನಿಂಗೆ ಮದ್ವೆಗ್ ಮೊದ್ಲೇ ಗೊತ್ತಿತ್ತ?"

"ಇಲ್ಲ."

"ನಿಮ್ಮವ್ವಂಗೆ?"

"ಅವ್ವಂಗೂ ಇಲ್ಲ."

"ಯಾರಿಗೂ ಗೊತ್ತಿರ್ನಿಲ್ಲ" ಎಂದು ಸುಂದ್ರಮ್ಮ ಆ ಮಾತನ್ನೇ ಮತ್ತೆ ಮತ್ತೆ ಹೇಳಿಕೊಂಡರು. ಆಮೇಲೆ ಮೊಣಕಾಲಿಗೆ ಕೈಯೂರಿ ಎದ್ದು, ಜರ್ಕಿನ್ನನ್ನು ಎದೆಗವುಚಿಕೊಂಡು, ಬರಿಗಾಲಲ್ಲೇ ಹೊಲದ ಕಡೆ ನಡೆದರು. ಸ್ವಲ್ಪ ಹೊತ್ತಿಗೆ ಬದುವಿನ ಕಡೆಯಿಂದ ಗೋಳು ಕೇಳಿಸಿತು. "ನಿನ್ನ ಬೈದ್ನಲ್ಲೋ ನನ್ ಕಂದಾ. ಸತ್ತೋನ ಬೈದ್ನಲ್ಲೋ." ಸತ್ತ ದಿನ ಕೂಡ ಸುಂದ್ರಮ್ಮ ಹಾಗೆ ಅತ್ತಿರಲಿಲ್ಲ. ಹೊಲದಲ್ಲಿದ್ದ ಆಳುಗಳು ಕೆಲಸ ನಿಲ್ಲಿಸಿ ನೋಡಿದರು. ನೀಲಾಂಬಿಕೆ ಕೂತಲ್ಲಿಂದ ಏಳಲಿಲ್ಲ. ಕೆಂಪಗಿನದು ಒಂದು ಕಡೆ, ಹಳದಿಯದು ಒಂದು ಕಡೆ ಹಾಕುತ್ತ ಹೋದಳು.

ಆಮೇಲೆ ಕೆಲವು ದಿನ ಸುಂದ್ರಮ್ಮ ಸೊಸೆಗೆ ಊಟ ಬಡಿಸುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಒಂದು ಬೆಳಿಗ್ಗೆ ತುಳಸಿ ಕಟ್ಟೆಯ ಹತ್ತಿರ ನಿಂತು, ಬೇರೆ ಕಡೆ ನೋಡುತ್ತ ಹೇಳಿದರು:

"ನಿನ್ ಮ್ಯಾಲೆ ನಂಗೆ ಕ್ವಾಪ ಇಲ್ಲ. ಆಣೆಗೂ ಇಲ್ಲ. ಆದ್ರೆ ನಿನ್ ಮಕ ನೋಡಕ್ಕಾಯ್ತಿಲ್ಲ ಕಣವ್ವ. ಅವನ ಮ್ಯಾಲೆ ಸಿಟ್ಟಿತ್ತಲ್ಲ, ಅಷ್ಟು ದಿನ ಎಂಗೋ ಉಸಿರಾಡ್ಕಂಡಿದ್ದೆ. ಈಗ ಯಾರ್ ಮ್ಯಾಲ್ ಸಿಟ್ ಮಾಡ್ಲಿ? ಸ್ವಲ್ಪ ದಿನ ನಿಮ್ಮವ್ವನ ಮನೆಗೋಗು."

ನೀಲಾಂಬಿಕೆ ಸರಿ ಅತ್ತೆ ಎಂದು ಒಳಗೆ ಹೋಗಿ ಬಟ್ಟೆ ಮಡಿಸಿಕೊಂಡಳು. ಶಿವನಂಜಪ್ಪ ಹುಣಸೂರಿನವರೆಗೆ ಜೊತೆಗೆ ಬಂದು, ಕೆ.ಆರ್. ನಗರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಕೊಟ್ಟರು. ಬಸ್ಸು ಹೊರಡುವ ಮುಂಚೆ, "ಆ ಅಜ್ಜನತ್ರ ಕರ್ಕಂಡೋದೋನು ನಾನು" ಎಂದರು. ಅಷ್ಟೇ ಹೇಳಿ ಇಳಿದುಹೋದರು.

ಊರಿನಲ್ಲಿ ಸುಂದ್ರಮ್ಮ ಏನು ಹೇಳಿದರೆಂಬುದು ಅವಳಿಗೆ ಆಮೇಲೆ ತಿಳಿಯಿತು. ನಲ್ಲಿಯ ಹತ್ತಿರ ಯಾರೋ ಕೇರಳದ ಮಾತು ಎತ್ತಿದ್ದಕ್ಕೆ, "ನನ್ ಮಗಂಗೆ ಯಾವ ಎಂಗ್ಸಿಂದ್ಲೂ ಬರ್ನಿಲ್ಲ. ಇನ್ನೊಂದ್ಸಲ ಆ ಮಾತಾಡುದ್ರೆ ನಾಲ್ಗೆ ಸೀಳ್ಬುಟ್ಟೇನು" ಎಂದರಂತೆ. ಮತ್ತೆ ಎಲ್ಲಿಂದ ಬಂತು ಎಂದು ಕೇಳಿದರೆ, ಕೊಡ ಎತ್ತಿಕೊಂಡು ಹೊರಟುಬಿಟ್ಟರಂತೆ. ಸೊಸೆಯ ಹೆಸರು ಎತ್ತಲಿಲ್ಲ.

ತವರಿನಲ್ಲಿ ತಮ್ಮ ಕುಮಾರ್‌ಗೆ ಬಿಳಿಕೆರೆಯ ಹುಡುಗಿ ರಾಣಿಯ ಜೊತೆ ಮದುವೆ ನಿಶ್ಚಯವಾಗಿತ್ತು. ನೀಲಾಂಬಿಕೆ ಬಂದ ವಾರದಲ್ಲೇ, "ರಕ್ತ ಪರೀಕ್ಷೆ ಮಾಡುಸ್ಕೊ" ಎಂದಳು. ತಾಯಿ ಬಾಯಿ ಬಾಯಿ ಬಡಿದುಕೊಂಡರು. "ಅವ್ರಿಗೆ ಗೊತ್ತಾದ್ರೆ ಮದ್ವೆ ಮುರಿದೋಗುತ್ತೆ."

"ಮುರೀಲಿ" ಎಂದಳು ನೀಲಾಂಬಿಕೆ. ಜಗಳದ ದನಿಯಲ್ಲಲ್ಲ. ಮಳೆ ಬರುತ್ತೆ ಅನ್ನುವ ಹಾಗೆ ಹೇಳಿದಳು. ಅದಕ್ಕೇ ಏನೋ, ಕುಮಾರ್ ಎದುರಾಡದೆ ಹೋಗಿ ಮಾಡಿಸಿಕೊಂಡ. ಅವನಿಗೂ ಇತ್ತು.

ಅಕ್ಕ ತಮ್ಮ ಇಬ್ಬರೂ ಬಿಳಿಕೆರೆಗೆ ಹೋಗಿ ಹುಡುಗಿಯ ಮನೆಯಲ್ಲಿ ಕೂತು ವಿಷಯ ಹೇಳಿದರು. ರಾಣಿ ಬಾಗಿಲ ಮರೆಯಿಂದ ಮುಂದೆ ಬಂದು ನೇರವಾಗಿ ಕೇಳಿದಳು: "ಲಸಿಕೆ ಹಾಕುಸ್ಕೊಂಡ್ರೆ ನಂಗೆ ಬರಲ್ವ?"

"ಮೂರೂ ಹಾಕುಸ್ಕೊಂಡು, ಹಿಡೀತಾ ಅಂತ ಒಂದು ಸಲ ರಕ್ತ ನೋಡಿಸ್ಕೊಂಡ್ರೆ ಭಯ ಇಲ್ಲ ಅಂತಾರೆ ಡಾಕ್ಟ್ರು" ಎಂದಳು ನೀಲಾಂಬಿಕೆ. "ನಮ್ಮ ಮನೇಲಿ ಆವಾಗ್ಲೇ ಯಾರಿಗಾದ್ರೂ ಇದು ಗೊತ್ತಿದ್ದಿದ್ರೆ, ನಮ್ಮ ಯಜಮಾನ್ರೂ ಹಾಕುಸ್ಕೊಬೋದಿತ್ತು."

ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪ, ಮನೆಯಲ್ಲಿ ಮಾತಾಡಿ ಫೋನ್ ಮಾಡ್ತೀವಿ ಎಂದರು, ಕಾಫಿ ಕುಡಿಸಿ ಕಳಿಸಿದರು. ಫೋನ್ ಬರಲಿಲ್ಲ. ತಾಯಿ ಅದೊಂದು ವಿಷಯಕ್ಕೆ ಬಹಳ ದಿನ ಮಗಳ ಜೊತೆ ಮಾತು ಬಿಟ್ಟರು. ಕುಮಾರ್ ಮಾತ್ರ ಎಂದಿನಂತೆ ಬೆಳಿಗ್ಗೆ ಎದ್ದು ಅಂಗಡಿ ಬಾಗಿಲು ತೆಗೆಯುತ್ತಿದ್ದ, ಸಂಜೆ ಹಾಕುತ್ತಿದ್ದ. ನೀಲಾಂಬಿಕೆ ಗಲ್ಲಾದ ಹತ್ತಿರ ಕೂತು ಬೇಳೆ ತೂಗಿ ಕೊಡುತ್ತಿದ್ದಳು. ದಿನ ಹೋದದ್ದು ಗೊತ್ತಾಗುತ್ತಿರಲಿಲ್ಲ.

ಮೊದಲ ಸಲ ರಕ್ತ ಕೊಟ್ಟ ಆರು ತಿಂಗಳಿಗೆ ಸರಿಯಾಗಿ ಹುಣಸೂರಿಗೆ ಹೋದಳು. ಕೆ.ಆರ್. ನಗರದಲ್ಲೇ ರಕ್ತ ಕೊಡಬಹುದಿತ್ತು. ಇನ್ನೊಬ್ಬ ಡಾಕ್ಟರಿಗೆ ಮೊದಲಿಂದ ಎಲ್ಲ ಹೇಳುವ ತ್ರಾಣ ಇರಲಿಲ್ಲ. ಸಾಲಿನಲ್ಲಿ ನಿಂತಾಗ ಎದುರಿನ ಬೆಂಚಿನಲ್ಲಿ ಸುಂದ್ರಮ್ಮ ಕೂತಿದ್ದರು. ಒಬ್ಬರೇ. ಮೂರನೇ ಲಸಿಕೆಗೆ ಬಂದಿದ್ದರು. ಬಡವಾಗಿದ್ದರು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ನೀಲಾಂಬಿಕೆ ಹೋಗಿ ಪಕ್ಕದಲ್ಲಿ, ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತಳು.

"ಮಾವ ಬರ್ಲಿಲ್ವ?"

"ನೆನ್ನೇನೆ ಬಂದು ಆಕುಸ್ಕಂಡೋದ್ರು. ಮನೇಲಿ ದನ ನೋಡೋರ್ ಬೇಕಲ್ಲ."

ಸುಂದ್ರಮ್ಮನ ಹೆಸರು ಕರೆದಾಗ ಅವರ ಕುಪ್ಪಸದ ತೋಳು ಬಿಗಿಯಾಗಿ ಮೇಲೆ ಸರಿಯಲಿಲ್ಲ. ನರ್ಸಮ್ಮನಿಗೆ ಅವಸರ. ನೀಲಾಂಬಿಕೆ ಎದ್ದು ಹೋಗಿ ತೋಳಿನ ಹೊಲಿಗೆಯ ಹತ್ತಿರ ಬೆರಳು ತೂರಿಸಿ, ಮೆಲ್ಲಗೆ ಬಟ್ಟೆ ಮೇಲೆ ಸರಿಸಿ ಹಿಡಿದುಕೊಂಡಳು. ಸೂಜಿ ಒಳಗೆ ಹೋದಾಗ ಸುಂದ್ರಮ್ಮ ಕಣ್ಣು ಮುಚ್ಚಿಕೊಂಡರು. ನೀಲಾಂಬಿಕೆಯ ಬೆರಳಿಗೆ ಅವರ ತೋಳಿನ ಬಿಸಿ ತಾಗಿತು. ಬಹಳ ದಿನದ ಮೇಲೆ ಏನೋ ಒಂದು ತಾಗಿದ್ದು ಅವಳಿಗೆ ಗೊತ್ತಾಯಿತು.

ಬಸ್‌ಸ್ಟ್ಯಾಂಡಿನವರೆಗೆ ಜೊತೆಯಲ್ಲೇ ನಡೆದರು. ಹೋಟೆಲಿನಲ್ಲಿ ಇಡ್ಲಿ ತಿಂದರು. ಈ ಸಲ ಸೊಪ್ಪು ಹಾಕುವುದಿಲ್ಲ, ಮುಸುಕಿನ ಜೋಳ ಹಾಕುತ್ತೇವೆ ಎಂದರು ಸುಂದ್ರಮ್ಮ. ಬ್ಯಾರನ್ ಕಾಯುವವರು ಯಾರಿದ್ದಾರೆ ಎಂದರು. ಮಗನ ಹೆಸರನ್ನು ಇಬ್ಬರೂ ಹೇಳಲಿಲ್ಲ. ವಾಪಸ್ ಬಾ ಎಂದು ಅವರು ಕರೆಯಲಿಲ್ಲ. ಬರಲೇ ಎಂದು ಇವಳೂ ಕೇಳಲಿಲ್ಲ.

ಪಿರಿಯಾಪಟ್ಟಣದ ಬಸ್ಸು ಮೊದಲು ಬಂತು. ಸುಂದ್ರಮ್ಮ ಮೆಟ್ಟಿಲ ಕಂಬಿ ಹಿಡಿದು ನಿಂತು ಹಿಂದೆ ತಿರುಗಿದರು.

"ನೀನು ಮತ್ಯಾವಾಗ್ ಬತ್ತೀಯ ರಕ್ತ ಕೊಡಕ್ಕೆ?"

"ಇನ್ನಾರು ತಿಂಗ್ಳಿಗೆ ಅತ್ತೆ."

"ನಂದು ಮುಗೀತು. ನಂಗಿನ್ನು ಸೂಜಿ ಇಲ್ಲ" ಎಂದರು. ಹಿಂದಿನವರು ನೂಕುತ್ತಿದ್ದರು. ಒಂದು ಮೆಟ್ಟಿಲು ಹತ್ತಿ, ಮತ್ತೆ ನಿಂತರು. "ಆದ್ರೂ ಬತ್ತೀನಿ ಬುಡು."

ಬಸ್ಸು ಹೊರಟಿತು. ನೀಲಾಂಬಿಕೆ ಕೆ.ಆರ್. ನಗರದ ಬಸ್ಸು ನಿಲ್ಲುವ ಕಡೆಗೆ ನಡೆದು, ಕಲ್ಲು ಬೆಂಚಿನ ಮೇಲೆ ಕೂತಳು.